ಎರಡು-ನಾಲ್ಕರ ಬಳಿ

ಎಡಗೈಗೆ ನಾಲ್ಕು ಏರಿದ್ದವು, ಬಲಗೈ ಇನ್ನೂ ಬರಿದು.
ಅಷ್ಟರಾಗ ಹಿತ್ತಲದಿಂದ ಕಬರಿ ಒದರಿತು,
ಆಡಿನ ದನಿ ಅಲ್ಲ ಅದು.

ಅವಳಿ ಅಂದಿದ್ದರು ಸಂಖದ ಮಂದಿ,
ಮೂರು ಅಂತ ಚಾದ ಅಂಗಡಿಯಾಗ ಪಂಥ ಕಟ್ಟಿದವರೂ ಇದ್ದರು.
ಜತ್ತದ ಡಾಕ್ಟರ ಫೋನಿನ್ಯಾಗ ಮರಾಠಿಲೆ 'ಆಲೋಚ' ಅಂದು
ತಾಸಿನ ಮ್ಯಾಲಾಗಿತ್ತು.

ಹಾಜರಾಬಿ ಬಳಿಪೆಟ್ಟಿಗಿ ಮುಚ್ಚಿದಳು,
ತನ್ನವೆಲ್ಲ ಕಳಚಿ ನನ್ನ ಉಡಿಯಾಗ ಹಾಕಿ
ಮೊಣಕೈ ತನಕ ಸೋಪು ಹಚ್ಚಿಕೊಂಡಳು.
ಒಳಗ ಕೈ ಇಟ್ಟು, ಕಣ್ಣು ಮುಚ್ಚಿ,
"ಒಂದ ಐತಿ. ಆದರ ಕರಾ ಇದ್ದಂಗೈತಿ."

ಎಳೀಲೇನು ಅಂದೆ.
"ಎಳದರ ಬಳಿ ಉಳಿಯೂದಿಲ್ಲ, ತಂಗಿ.
ದಾರಿ ಎರಡು-ನಾಲ್ಕು, ಬರೂದು ಎರಡು-ಎಂಟು.
ಗೆಣ್ಣು ಒಂದೊಂದ ದಾಟಬೇಕು."
ಮೊದಲ ಒಂದು ಕಾಲು, ಆ ಭುಜ ಮುಂದ;
ಇನ್ನೊಂದು ತಡದು, ಓರೆ ಮಾಡಿ;
ಕಬರಿ ಮುಕ್ಕಿದಾಗ ಕೆಳಮುಖ ಜಗ್ಗು,
ಸುಮ್ಮನಾದಾಗ ಸುಮ್ಮನಿರು.
ನನ್ನ ಕೈ ಹಿಡಿದು ಅಂತಿದ್ದ ಮಾತ ಆಡಿಗೂ ಅಂದಳು:
"ಸಡಲ ಬಿಡು, ಸಡಲ ಬಿಡು, ಆತು, ಆತು."

ಹಣಿ ಸಿಕ್ಕಿಬಿತ್ತು. ನಾಲಿಗಿ ನೀಲಿಗಟ್ಟಿತ್ತು.
ಆಮ್ಯಾಲ ಒಮ್ಮೆಲೆ ಜಾರಿ
ಅವಳ ತೊಡಿ ಮ್ಯಾಲ ಬಿತ್ತು, ಹಸಿ ಚೀಲದಂಗ, ಉಸಿರಿಲ್ಲ.
ಕಡ್ಡಿ ತುದಿ ಮೂಗಿನಾಗ ಆಡಿಸಿದೆ.
ಸೀನಿತು.

ಡಾಕ್ಟರ ಬಂದಾಗ ಮರಿ ನಿಲ್ಲಾಕ ನೋಡತಿತ್ತು.
ಫೋಟೋ ತಗೊಂಡ.

ಹಾಜರಾಬಿ ಕೈ ತೊಳೆದು ಪೆಟ್ಟಿಗಿ ತೆರೆದಳು,
"ಬಲಗೈ ಕೊಡು."
ಕೊಟ್ಟೆ. ನಡುಗತಿತ್ತು.
ಅವಳದೂ.
ಎರಡು ಚಟ್ಟನೆ ಹೆಚ್ಚಿದವು.
ಒಡದವು ಅನಬಾರದು.
ಅವನ್ನ ಲೆಕ್ಕದಾಗ ಹಿಡೀಲಿಲ್ಲ.