ಎರಡನೇ ಗೇಟಿನ ಫಿಯಾಟು

ಖಡೇಬಜಾರಿನ ಫುಟ್‌ಪಾತಿನಲ್ಲಿ, ಒಂದು ಭಾನುವಾರ,
ಸತ್ತ ಚಾರ್ಜರು, ಕೀಲಿಯಿಲ್ಲದ ಬೀಗಗಳ ನಡುವೆ
ಮಗ್ಗುಲಾಗಿ ಬಿದ್ದಿತ್ತು. ನೂರಾ ಎಂಬತ್ತು ಅಂದ,
ನೂರಾ ಹತ್ತಕ್ಕೆ ಕೊಟ್ಟ.
ಅಂಗೈ ತುಂಬದ ಫಿಯಾಟು. ಟೊಮ್ಯಾಟೊ ಕೆಂಪು,
ಅದೇ ಕೆಂಪು ಗಾಜಿನ ಅಂಚಿಗೂ ಹತ್ತಿತ್ತು.
ಮುಂದಿನ ಜಾಲರಿ ಅಂದರೆ ಬೆಳ್ಳಿಬಣ್ಣದ ಒಂದು ಗೀಟು.
ಸ್ಟೇರಿಂಗು ಎಡಕ್ಕೆ. ಯಾವ ದೇಶದ ಅಚ್ಚೋ.

ಮೂವತ್ತೊಂದು ವರ್ಷ ಉದ್ಯಮಬಾಗದ ಫೌಂಡ್ರಿಯಲ್ಲಿ
ಪಂಪಿನ ಹೊಟ್ಟೆ, ಮೋಟರಿನ ಕವಚ
ಎರಕ ಆರಿದ ಮೇಲೆ ನನ್ನ ಮುಂದೆ ಬರುತ್ತಿದ್ದವು.
ಎರಡು ಅಚ್ಚು ಕೂಡುವಲ್ಲಿ ಏಳುವ ಏಣು
ಉಜ್ಜಿ ತೆಗೆಯುವುದು, ಅದೇ ನನ್ನ ಸಂಬಳ.
ಹಾಗಾಗಿ ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಸಿಕ್ಕಿತು
ಬಾನೆಟ್ಟಿನಿಂದ ನೆತ್ತಿ ಹತ್ತಿ ಡಿಕ್ಕಿಗಿಳಿಯುವ
ಕೂದಲೆಳೆಯ ಗೀರು.
ಯಾರೂ ಉಜ್ಜಿರಲಿಲ್ಲ.
ಈ ರೇಟಿಗೆ ಯಾರು ಉಜ್ಜುತ್ತಾರೆ?

‘ಇಂಥಾದ್ರಾಗ ಹುಟ್ಟೀದಿ ನೀ’ ಅಂದಳು ಅವ್ವ,
ಕನ್ನಡಕ ಹುಡುಕದೆಯೇ.
ಈ ಕಥೆ ಬಾಯಿಪಾಠ: ಟಿಳಕವಾಡಿ, ಎರಡನೇ ಗೇಟು,
ನಡುರಾತ್ರಿ. ಗೂಡ್ಸ್ ಗಾಡಿ ಬರುತ್ತಲೇ ಇತ್ತು.
ಔಷಧದಂಗಡಿ ಹೇರೇಕರರ ಕಾರು, ಅವರೇ ಡ್ರೈವರು,
ಕಂದೀಲು ಹಿಡಿದ ಗೇಟ್‌ಮನ್ ಮುಖ ಆಚೆ ಮಾಡಿ ನಿಂತ.
ಅಪ್ಪ ರೈಲಿನ ಡಬ್ಬಿ ಎಣಿಸಿದನಂತೆ.
ಎಷ್ಟು ಅಂದರೆ ಪ್ರತಿ ಸಲ ಬೇರೆ ಲೆಕ್ಕ.

ತಳದ ರಿವೆಟ್ಟು ಕೊರೆದು ಬಿಡಿಸಿದೆ.
ಪೇಂಟ್ ರಿಮೂವರು ಸುರಿದರೆ ಕೆಂಪು
ಹಾಲಿನ ಕೆನೆಯ ಹಾಗೆ ಸುರುಟಿ ಬಂತು,
ಕೆಳಗೆ ಬೆತ್ತಲೆ ಸತು, ಮೀನಿನ ಹೊಟ್ಟೆಯ ಬಣ್ಣ.
ಏಣು ಉಜ್ಜಿದೆ. ಹನ್ನೆರಡು ನೂರರ ಕಾಗದ, ನೀರು ಹಚ್ಚಿ.
ಸ್ಟೇರಿಂಗು ಕತ್ತರಿಸಿ ಬಲಕ್ಕೆ ನೆಟ್ಟೆ.
ಬಂಪರಿಗೆ ಅವ್ವನ ಬಿಪಿ ಗುಳಿಗೆಯ ಹಾಳೆ
ಹಲ್ಲುಕಡ್ಡಿಯಿಂದ ಒತ್ತಿ ಒತ್ತಿ ಕೂರಿಸಿದೆ.
ಜಾಲರಿಯ ಸಂದಿಗೆ ನೀರು ಬೆರೆಸಿದ ಕರಿ ಮಸಿ ಬಿಟ್ಟೆ,
ತಾನೇ ದಾರಿ ಹುಡುಕಿಕೊಂಡು ಹೋಗಿ ನಿಂತಿತು.

ಇನ್ನು ಬಣ್ಣ.
ಹಸಿರು, ಅಂದಳು ಚಿಗವ್ವ, ಹೆಸರುಕಾಳಿನ ಹಸಿರು.
ಹೇರೇಕರರ ಮಗ ಫೋನಿನಲ್ಲಿ ನೆನೆದು ನೆನೆದು
ಬೂದಿ ಇರಬೇಕು, ಅಂದ. ನಿಮಗ್ಯಾಕೆ ಈಗ?
ಅವ್ವನಿಗೆ ಮಾತ್ರ ಸಿಟ್ಟು ಬಂತು:
‘ಬಣ್ಣಾ ನೋಡಾಕ ಹೋಗಿದ್ನೇನೋ ನಾ?
ಅಂಗಾತ ಮಲಗಿದ್ದೆ. ಕಂಡಿದ್ದು ನೆತ್ತಿ ಮ್ಯಾಲಿನ ಅರಿವಿ ಅಷ್ಟ.
ಹಳದಿ ಆಗಿತ್ತು. ಬಲಕ್ಕ ಸಿಗರೇಟು ತಾಗಿ ಒಂದು ತೂತು.
ಆ ತೂತಿನ ಮ್ಯಾಲ ಕಣ್ಣಿಟ್ಟು ಹಲ್ಲು ಕಚ್ಚಿದ್ದೆ.’

ಐವತ್ತಾರು ವರ್ಷದಲ್ಲಿ ಆ ತೂತು
ಕಥೆಯೊಳಗೆ ಬಂದದ್ದು ಇದೇ ಮೊದಲು.

ನಲವತ್ತಮೂರರಲ್ಲಿ ಒಂದು ಪಾಲು ಈ ಕಾರು.
ಆ ಲೆಕ್ಕಕ್ಕೆ ಅವ್ವ ಕಿರುಬೆರಳಿನ ಎರಡು ಗೆಣ್ಣು,
ನಾನು ಒಂದು ಶೇಂಗಾಕಾಳು,
ತೂತು, ಸೂಜಿಮೊನೆಗಿಂತ ಸಣ್ಣದು.
ಕುಂದಾ ಡಬ್ಬಿಯ ತುಪ್ಪ ಹೀರಿದ ಕಾಗದ
ಹಳದಿಯಾಗಿ ಸಿಕ್ಕಿತು. ನೆತ್ತಿಯ ಒಳಮೈಗೆ ಅಂಟಿಸಿ
ಸೂಜಿ ಕಾಯಿಸಿ, ಉಸಿರು ಹಿಡಿದು,
ಒಮ್ಮೆ ತಾಗಿಸಿದೆ. ಸಕ್ಕರೆ ಸುಟ್ಟ ವಾಸನೆ.
ಮುಚ್ಚಿದ ಮೇಲೆ ಯಾರಿಗೂ ಕಾಣದ ಕೆಲಸ.
ಫೌಂಡ್ರಿಯಲ್ಲಾದರೆ ಮೇಸ್ತ್ರಿ ಬೈಯುತ್ತಿದ್ದ.

ಮೇಲ್ಮೈ ಇನ್ನೂ ಪ್ರೈಮರಿನ ಬೂದಿಯಲ್ಲೇ ಇದೆ.
ಹಸಿರೋ ಏನೋ, ಆಮೇಲೆ ನೋಡೋಣ.
ಅವ್ವ ಅದನ್ನು ಬೋರಲು ಹಿಡಿದು ಅಲ್ಲಾಡಿಸಿ
‘ಟಾರ್ಚು ಹಿಡಿ’ ಅಂದಳು.
ಹಿಂದಿನ ಕಿಟಕಿಗೆ ಕಣ್ಣು ಹಚ್ಚಿ
ಬಹಳ ಹೊತ್ತು ಏನೂ ಅನ್ನಲಿಲ್ಲ.
ಊರಾಚೆ ಎಲ್ಲೋ ಒಂದು ರೈಲು ಕೂಗಿತು, ಹೋಯಿತು.

‘ತೂತು ಇನ್ನೂ ಒಂಚೂರು ಹಿಂದಿತ್ತು’ ಅಂದಳು.

ರಿವೆಟ್ಟಿನ ಬದಲು ಸ್ಕ್ರೂ ಹಾಕಿದ್ದು ಚಲೋ ಆತು.