ಹದಿನೈದು ಸಲ ಇಪ್ಪತ್ತು

ಫುಜೈರಾದ ಕಡಲದಂಡಿ, ನಸುಕಿನ ನಾಕು ಗಂಟೆ.
ಸೂರ್ಯ ಇನ್ನೂ ಎದ್ದಿಲ್ಲ, ಸೆಕೆ ಮಲಗೇ ಇಲ್ಲ.
ಬನಿಯನ್ ಕಳಚಿ ಕಲ್ಲಿನ ಮ್ಯಾಲೆ ಇಟ್ಟು
ಉಸುಕು ಮುಟ್ಟಿ ಹಣಿಗೆ ಹಚ್ಚಿಕೊಂಡು
ಬೈಠಕ್ ಸುರು ಮಾಡತೇನಿ.

ಇದು ಗರಡಿಯ ಮಣ್ಣಲ್ಲ.
ಮಜ್ಜಿಗಿ ಕುಡಿದಿಲ್ಲ, ಎಣ್ಣಿ ಉಂಡಿಲ್ಲ,
ಬಿದ್ದರ ಗಾಯಕ್ಕ ಉಪ್ಪು ಹಚ್ಚಿ ಕಳಸತೈತಿ.
ಆದರೂ ಎರಡು ವರ್ಷ ಇದರಾಗ
ಒಂದು ದಿನ ತಪ್ಪಿಸಿದವನಲ್ಲ ನಾನು.
ಎಣ್ಣಿ ಟ್ಯಾಂಕಿನ ಸುತ್ತ ಪೈಪು ಕಟ್ಟುತ್ತ
ಹನ್ನೆರಡು ತಾಸು ಗಾಳ್ಯಾಗ ನಿಂತು ಬಂದರೂ
ಮತ್ತ ನಾಕಕ್ಕ ಎದ್ದವನು.

ತಪ್ಪಿದ್ದು ರಜೆದಾಗ.

ನಲವತ್ತೈದು ದಿನ. ಮೊದಲ ದಿನ ಮಾಳಿಗಿ ಮ್ಯಾಲೆ
ಐನೂರು ಪೂರಾ ಹೊಡೆದೆ.
ಕೆಳಗ ಬೋಗಾಣಿ ಉರುಳಿತಂತ ಅತ್ತಿಗಿ ಬೈದಳು.
ಎರಡನೇ ದಿನ ಸೋದರಮಾವ
"ದುಬೈದಾಂವ ದಂಡ ಹೊಡಿಯೂದು ನೋಡೋಣ" ಅಂತ
ಕುರ್ಚಿ ಹಾಕ್ಕೊಂಡು ಕುಂತ, ಚಹಾ ತರಿಸಿದ.
ಆಮ್ಯಾಲೆ ಹೋಳಿಗಿ. ಬ್ಯಾಂಕು. ಆಧಾರ್ ಕಾರ್ಡು.
ಎಣಿಕಿ ನೂರಕ್ಕ ಇಳೀತು,
ನೂರರಿಂದ "ನಾಳೆ" ಅನ್ನೂದಕ್ಕ ಇಳೀತು.
ಹೆಣ್ಣಿನ ಕಡೆಯವರು "ಪೈಲ್ವಾನರೇನ್ರಿ?" ಅಂದಾಗ
ಹೊಟ್ಟಿ ಒಳಗ ಎಳಕೊಂಡು ಹೂಂ ಅಂದೆ.

ತಿರುಗಿ ಬಂದ ಮೊದಲ ಶುಕ್ರವಾರ
ಅಲ್ಲಾದಿತ್ತಾ ಕೇಳಿದ, "ರೋಜ್?"
"ರೋಜ್" ಅಂದೆ.
ಗುಜ್ರಾನವಾಲಾದ ಪಿಕಪ್ ಡ್ರೈವರ್ ಅಂವ,
ಕಿವಿ ಮುಗಿದಲ್ಲೇ ಹೆಗಲು ಸುರು ಆಗೂ ಆಳು.
ಕೈ ಕೂಡಿಸಿ ನನ್ನ ಕುತ್ತಿಗಿಗೆ ಅಂಗೈ ಹಾಕಿದ,
ಅಷ್ಟಕ್ಕೇ ಗೊತ್ತಾತು ಅಂವಗ.
ಬಾಯಿಗೆ ಸುಳ್ಳು ಬರತೈತಿ, ತೊಡಿಗೆ ಬರೂದಿಲ್ಲ.
ಮೂವತ್ತು ಎಣಿಸೂದರಾಗ
ನಾನು ಆಕಾಶ ನೋಡಾಕ ಹತ್ತಿದ್ದೆ.

ಸುತ್ತ ನಿಂತ ಮಂದಿ ನಕ್ಕರು,
ನಮ್ಮ ಫೋರ್ಮನ್ ಪೌಲೋಸ್ ಸೀಟಿನೂ ಹೊಡೆದ.
ಅಂವ ನಗಲಿಲ್ಲ. ನನ್ನ ಬೆನ್ನಿನ ಉಸುಕು ಜಾಡಿಸಿ ಅಂದ:
"ನೀ ಇಲ್ಲದಾಗ ನಿನ್ನ ಐನೂರೂ ನಾನೇ ಹೊಡೆದೇನಿ,
ನನ್ನ ಮುನ್ನೂರರ ಮ್ಯಾಲೆ.
ಮೊಣಕಾಲು ಹೋತು. ಇನ್ನ ನಿಂದು ನೀ ಇಸಕೋ."

ಹುಚ್ಚ.
ಒಬ್ಬ ಮಾಡಿದ ಸಾಮು ಇನ್ನೊಬ್ಬನ ಮೈಗೆ ಹತ್ತೀತೇನು?

ಮರುದಿನ ಐವತ್ತು. ಐವತ್ತಕ್ಕೇ ಕಾಲು ಜೋಲಿ,
ಕ್ಯಾಂಪಿನ ಮೆಟ್ಟಲ ಹಿಂದುಮುಂದಾಗಿ ಇಳಿದೆ.
ಸಂಜಿಮುಂದ ಒಬ್ಬ ಅರಬ ಮುದುಕ
ಗುದ್ದಾಟದಾಗ ಸೋತ ಹೋರಿ ತಂದು
ಎದಿಮಟ ನೀರಾಗ ನಡಸಾಕ ಹತ್ತಿದ್ದ.
ನಿನ್ನೆ ಓಡಿಹೋದ ಹೋರಿ ಅದು, ಕೋಡಿನ ಬುಡಕ ಇನ್ನೂ ರಕ್ತ.
ಮುದುಕ ಅದರ ಭುಜ ತಟ್ಟಿದ, ನನ್ನ ಭುಜ ತೋರಿಸಿದ,
ಏನೋ ಅಂದ. ತಿಳೀಲಿಲ್ಲ.
ಬೈಗುಳ ಇರಲಿಕ್ಕಿಲ್ಲ.

ಐವತ್ತು ನೂರಾಗಾಕ ಹತ್ತು ದಿನ.
ನೂರು ಐನೂರಾಗಾಕ ಉಳಿದ ಬ್ಯಾಸಗಿ ಎಲ್ಲಾ.

ಈಗ ಅಲ್ಲಾದಿತ್ತಾನ ರಜೆ.
ನಲವತ್ತೈದರ ಚೀಟಿ, ಇವತ್ತಿಗೆ ಅರವತ್ತೊಂದು.
ಫೋನು ಹತ್ತೂದಿಲ್ಲ.
ಅವನ ಪಿಕಪ್ಪಿಗೆ ಹೊಸ ಹುಡುಗ ಬಂದಾನ,
ಸೀಟು ಮುಂದ ಎಳಕೊಂಡು ಕುಂಡ್ರತಾನ.

ನನ್ನ ಐನೂರು ಮುಗೀತು. ಒಂದು ಗುಟುಕು ನೀರು.
ಇನ್ನ ಅವನ ಮುನ್ನೂರು.
ಕನ್ನಡದಾಗ ಎಣಿಸಿದರ ನನ್ನ ಲೆಕ್ಕಕ್ಕ ಬಿದ್ದೀತು ಅಂತ
ಅವನ ಮಾತಿನಾಗ ಎಣಿಸತೇನಿ.
ನನಗ ಬರೂದು ವೀಹ್ ತನಕ, ಅಂದರ ಇಪ್ಪತ್ತು.
ವೀಹ್ ಬಂದಾಗೊಮ್ಮೆ ಉಸುಕಿನ್ಯಾಗ ಒಂದು ಗೀಟು ಎಳೀತೇನಿ.
ಹದಿನೈದು ಗೀಟು ಆಗಬೇಕು.

ಹನ್ನೊಂದು ಆಗಿದ್ದವು.
ತೆರಿ ಬಂದು ಅಷ್ಟೂ ಅಳಿಸಿಕೊಂಡು ಹೋತು.

ಇಕ್ಕ್.