ಸಿಳ್ಳು

ಲಿಂಬಿಹಣ್ಣಿನ ಪಿಕಪ್ಪು ಝಳಕಿ ಕ್ರಾಸಿಗೆ ಬಂದು ನಿಂತಾಗ
ಹನ್ನೊಂದು ಹೊಡೆದಿತ್ತು.
ಖಾಲಿ ಇದ್ದಾಗ ಕುದುರಿ ಹಂಗ ಹೊಕ್ಕೈತಿ,
ಲೋಡ್ ಹಾಕಿ ಹೊರ್ತಿ ಏರಿಗೆ ಬಂದ್ರ ಸಾಕು
ಮೂರನೇ ಗೇರಿಗೂ ಉಬ್ಬಸ, ಹಿಂದ ಕರೀ ಹೊಗಿ,
ಅಂದ ಮಾಳಿಂಗರಾಯ.
ವಿಜಾಪುರ ಮಾರ್ಕೆಟ್ಟಿಗೆ ಎರಡು ಸಲ ತಡಾ ಆಗಿ
ದಲಾಲಿ ಕಡೆ ಬೈಸಿಕೊಂಡಿದ್ದ.
ಚಡಚಣದಾಗ ಯಾವನೋ ಇಂಜೆಕ್ಟರ್ ಬಿಚ್ಚಿ
ಆರು ಸಾವಿರ ತಗೊಂಡಿದ್ದ.
ಇನ್ನೊಬ್ಬ, ಟರ್ಬೋ ಸತ್ತೈತಿ ಅಂದಿದ್ದ.

ಲಾಡ್ಲೇಸಾಬ ಉಸ್ತಾದ ಏನೂ ಅನಲಿಲ್ಲ.
ಫಿಲ್ಟರಿನ ಪೈಪು ಕಳಚಿ, ಎರಡು ಬೆರಳು ಒಳಗ ಹಾಕಿ
ಟರ್ಬೋದ ರೆಕ್ಕಿ ತಿರುವಿದ, ಅಲುಗಾಡಿಸಿದ,
ಕೂಸಿನ ಕಿವಿ ಹಿಡಿದಂಗ ಮೆಲ್ಲಕ.
"ಇದು ಸತ್ತಿಲ್ಲೋ ತಮ್ಮಾ.
ಊದಿದ್ದು ಮುಟ್ಟವಲ್ದು, ಅಷ್ಟ.
ಡೀಜೆಲ್ ಬೀಳೂದು ಬೀಳತೈತಿ, ಗಾಳಿ ನಡುವ ಎಲ್ಲೋ ಸೋರತೈತಿ.
ಉಣ್ಣಾಕ ನೀಡಿ ಮೂಗು ಹಿಡಿದಂಗ."

ನಿಂತಲ್ಲೇ ಇಂಜಿನ್ ಬಿಟ್ರ ಗೊತ್ತಾಗಂಗಿಲ್ಲ.
ಒತ್ತು ಬೀಳಬೇಕು.
ಬೋರಿನ ಪಿವಿಸಿ ಮುಚ್ಚಳ, ಅದಕ್ಕ ಸೈಕಲ್ ಟ್ಯೂಬಿನ ವಾಲು,
ಅಂವನ ಮಾಡಿದ್ದು, ಹತ್ತು ವರ್ಷದ ಹಿಂದ.
ಟರ್ಬೋದ ಬಾಯಿಗೆ ಬಿರಡಿ ಹಂಗ ಬಡಿದು ಕ್ಲಾಂಪ್ ಬಿಗಿದ.
ಕಂಪ್ರೆಸರ್ ಕುಡುಕುಡು ಅಂತು. ಹದಿನೈದು ಪೌಂಡು.
"ಸಾಕು, ಬಂದ್ ಮಾಡು."

ಆಗ ಕೇಳಿಸ್ತು ನನಗ.
ಇಂಟರ್‌ಕೂಲರಿನ ಎಡ ಮಗ್ಗಲು, ಕೆಳಗ,
ಹೋಸ್ ಬಗ್ಗಿದ ಒಳಮೈಯಾಗ,
ಬಸಿಯಾಗಿನ ಚಾ ಊದಿದಂಗ.

ಉಸ್ತಾದಗ ಕೇಳಸಂಗಿಲ್ಲ.
ಗ್ರೈಂಡರು, ಸುತ್ತಿಗಿ, ಸೈಲೆನ್ಸರ್ ಇಲ್ಲದ ಲಾರಿ, ಮೂವತ್ತು ವರ್ಷ.
ಸಣ್ಣ ದನಿ ಒಂದೊಂದ ಬಿಟ್ಟು ಹೋಗ್ಯಾವ:
ಮೊದಲ ಗುಬ್ಬಿ, ಆಮ್ಯಾಲ ಕುಕ್ಕರು,
ಆಮ್ಯಾಲ ಮೊಮ್ಮಗಳ ಗೆಜ್ಜಿ.
ಇದನ್ನ ಯಾರೂ ಅವಗ ಅಂದಿಲ್ಲ. ಅಂವನೂ ಅಂದಿಲ್ಲ.

ನಾ ಸುಮ್ನ ನಿಂತೆ.
ಒರಸಿದ ಸ್ಪ್ಯಾನರ್ ಮತ್ತ ಒರಸಿದೆ.
ಮಗ್ಗಿನಾಗ ಸಾಬೂನು ನೀರು ಕಲಸ್ಕೊಂಡು ಉಸ್ತಾದ
ಬಲ ಮಗ್ಗಲಿಂದ ಸುರು ಮಾಡಿದ.
ಒಂದೊಂದು ಕ್ಲಾಂಪಿಗೂ ಬ್ರಶ್ಶು.
ಒಂದೊಂದು ಜೋಡಿಗೂ ಹಸಿ ಮುಂಗೈ ಹಿಡಿದು,
ತಣ್ಣಗ ತಾಗೀತೇನೋ ಅಂತ ಕಣ್ಣು ಮುಚ್ಚಿ ನಿಲ್ಲಾಂವ.
ಮಾಳಿಂಗರಾಯ ಮೂರು ಸಲ ಟೈಮ್ ನೋಡಿದ.
ಬಿಸಿಲು ಗ್ಯಾರೇಜಿನೊಳಗ ಒಂದು ಮೊಳ ಬಂತು.
ಗಾಳಿ ಇಳಿದಿತ್ತು, ಮತ್ತ ತುಂಬಿದೆ. ಮತ್ತ ಅದ ದನಿ.
ಈ ಸಲ ಅದು ನನ್ನ ಹೆಸರು ಹಿಡಿದು ಕರದಂಗಾತು.

ಕಡೀಕ ಎಡಕ್ಕ ಬಂದ.
ಹೋಸಿನ ಮ್ಯಾಲ ಎಣ್ಣಿ ಪಸಿ, ಅದಕ್ಕ ಅಂಟಿದ ಧೂಳು.
ಬೆರಳು ಅಲ್ಲೇ ನಿಂತ್ವು. ಬ್ರಶ್ ಎಳೆದ.
ಒಂದು ಗುಳ್ಳಿ. ಇನ್ನೊಂದು.
ಉಗುರಿನಷ್ಟು ಸೀಳಿನಿಂದ ನೊರಿ ಉಕ್ಕಿ
ಚಾಸಿ ಮ್ಯಾಲ ಬಿತ್ತು.
"ನೋಡ, ಹೆಂಗ ನಗಾಕತ್ತೈತಿ!"

ಹೊಸ ಹೋಸಿಗೆ ಎಂಟುನೂರಾ ಐವತ್ತು.
ಕ್ಲಾಂಪ್ ಬಿಗಿಯೂಮುಂದ, ನನ್ನ ಕಡೆ ನೋಡಲಾರದ ಕೇಳಿದ:
"ನಿನಗ ಯಾವಾಗ ಕೇಳಿಸ್ತು?"
ಸುಳ್ಳು ಹೇಳಾಕಂತನ ಬಾಯಿ ತಗದೆ.
"ಕಂಪ್ರೆಸರ್ ಬಂದ್ ಮಾಡಿದ ಕೂಡ್ಲೆ" ಅಂದೆ.
"ಹ್ಞೂಂ. ಹತ್ತು ನಂಬರ್ ಕೊಡು."

ಲೋಡ್ ಸಮೇತ ಟ್ರಯಲ್ಲು.
ಸ್ಟೇರಿಂಗಿಗೆ ಅಂವ, ಬಾಜೂಕ ನಾ,
ಹಿಂದ ಚೀಲದ ಮ್ಯಾಲ ಮಾಳಿಂಗರಾಯ, ಲಿಂಬಿ ವಾಸನಿ.
ಈ ಗಾಡಿಯಾಗ ಬೂಸ್ಟ್ ತೋರಸೋ ಮುಳ್ಳಿಲ್ಲ.
ಹೊರ್ತಿ ಏರು ಸುರು ಆತು.
ಮೂರನೇ ಗೇರು, ಎರಡು ಸಾವಿರ ದಾಟಿ
ಎಲ್ಲೋ ದೂರದಿಂದ ಬಂದಂಗ, ಸಣ್ಣ, ಉದ್ದ, ಏರಕೋಂತ—
ಉಸ್ತಾದ ರೋಡ್ ಬಿಟ್ಟು ನನ್ನ ಮಾರಿ ನೋಡಿದ.

ಗೋಣು ಹಾಕಿದೆ.

ನಾಕನೇ ಗೇರಿಗೆ ಹಾಕಿದ.